ಏಳು ದಾಳ, 24 ಇಂಚಿನ ಚಾಪೆ, ಗೋಳಗುಮ್ಮಟದಾಗ ಎರಡು ಓಗರ್

ನಾನು ಆಟದ ಹುಚ್ಚಿನವಳಲ್ಲ. ವಿಜಯಪುರದ ಒಂದು ಪತ್ತಿನ ಸಂಘದಲ್ಲಿ ಕ್ಯಾಷಿಯರ್. ಬಿ.ಎಸ್ಸಿ.ಯಲ್ಲಿ ಓದಿದ ಸ್ಟ್ಯಾಟಿಸ್ಟಿಕ್ಸ್ ಹತ್ತು ವರ್ಷ ಟ್ರಂಕಿನಲ್ಲೇ ಇತ್ತು. ತಮ್ಮ ಮತ್ತು ಅವನ ಮೂವರು ಗೆಳೆಯರು ಭಾನುವಾರ ನಮ್ಮ ಮನೆ ಮಾಳಗಿ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಕಾಳಗ ಮಾಡುವ ಕಥೆಯಾಟ ಶುರು ಮಾಡಿ, "ಅಕ್ಕಾ, ನೀ ರಾಕ್ಷಸರ ಕಡೆ ಆಡು, ನಿನಗ ಲೆಕ್ಕ ಬರ್ತದ" ಅಂದಾಗ ಅದು ಹೊರಗೆ ಬಂತು. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟಿದ್ದಾರೆ, ಹಾಗಾಗಿ ನಿಯಮಕ್ಕೆ ರೊಕ್ಕ ಇಲ್ಲ. ರೊಕ್ಕ ಹೋದದ್ದು ಏಳು ದಾಳಗಳ ಪೊಟ್ಟಣಕ್ಕೆ ಮತ್ತು ಚೌಕಳಿ ಹಾಕಿದ ವಿನೈಲ್ ಚಾಪೆಗೆ. ಆನ್‌ಲೈನ್‌ನಲ್ಲಿ ತರಿಸಿದ್ದು, ಎರಡೂ ಸೇರಿ 1,150 ರೂಪಾಯಿ.

ದಾಳ ನೋಡಲು ಚಂದ. ಜೇನಿನ ಬಣ್ಣದ ರೆಸಿನ್, ಒಳಗೆ ಬಂಗಾರದ ಪುಡಿ. ಅವ್ವ ಒಂದನ್ನು ಬೆಳಕಿಗೆ ಹಿಡಿದು, "ಇಷ್ಟ್ ಮೂಲಿ ಇದ್ದದ್ದೂ ದಾಳ ಏನ? ಕಲ್ಲಸಕ್ಕರಿ ಆಗೇದ" ಅಂದಳು. ನಾಲ್ಕು ಮುಖದ್ದನ್ನು ಮಾತ್ರ ನೆಲದ ಮೇಲೆ ಬಿಡಬೇಡಿ. ಹೇಗೆ ಬಿದ್ದರೂ ಒಂದು ಮೊನೆ ಮೇಲೇ ಇರುತ್ತದೆ, ಥೇಟ್ ನೆಗ್ಗಿಲಮುಳ್ಳು. ತುಳಿದವಳು ಹೇಳುತ್ತಿದ್ದೇನೆ.

ಚಂದಕ್ಕಿಂತ ಮುಖ್ಯ, ಇಪ್ಪತ್ತು ಮುಖದ್ದು ಸರಿಯಾಗಿ ಬೀಳುತ್ತದೆಯೋ ಇಲ್ಲವೋ. ಏಟು ಹತ್ತಿತೋ ತಪ್ಪಿತೋ ಎಲ್ಲ ಅದರ ಮೇಲೆ. ಎರಡು ಸಂಜೆ ಕೂತು 400 ಸಲ ಉರುಳಿಸಿ, ಹಳೆಯ ಲೆಡ್ಜರಿನ ಹಾಳೆಯಲ್ಲಿ ಗೀಟು ಹಾಕಿದೆ. ಒಂದೊಂದು ಅಂಕಿ ಸುಮಾರು 20 ಸಲ ಬರಬೇಕು. 3 ಬಂದದ್ದು 34 ಸಲ, 18 ಬಂದದ್ದು 8 ಸಲ. ಈ ದಾಳದಲ್ಲಿ ಎದುರುಬದುರಿನ ಮುಖ ಕೂಡಿದರೆ 21, ಅಂದರೆ 3ರ ನೇರ ಬೆನ್ನಿಗೆ 18. ಬಂದ ಲೆಕ್ಕ ಬರಬೇಕಾದ ಲೆಕ್ಕದಿಂದ ಎಷ್ಟು ದೂರ ಅಂತ ಅಳೆಯುವ ಕೈ-ಸ್ಕ್ವೇರ್ ತೆಗೆದೆ: 34.4. ಇಪ್ಪತ್ತು ಮುಖಕ್ಕೆ ಶೇ. 5ರ ಮಟ್ಟದಲ್ಲಿ ಗಡಿ 30.14, ದಾಟಿದರೆ ದಾಳದ ಮೇಲೆ ಅನುಮಾನ. ಆಮೇಲೆ ಬಿಸಿನೀರಿಗೆ ಉಪ್ಪು ಕರಗುವಷ್ಟು ಕರಗಿಸಿ, ಲೋಟದಲ್ಲಿ ತೇಲಿಬಿಟ್ಟೆ. ಬೆರಳಿನಿಂದ ತಿರುವಿದಷ್ಟೂ ಸಲ 3 ಮೇಲೆ ಬಂತು. ಒಳಗೆ ಆ ಕಡೆಗೆ ಗಾಳಿಗುಳ್ಳೆ ಇರಬೇಕು. ಮಾರಿದವರಿಗೆ ಹಾಳೆಯ ಫೋಟೋ ಸಮೇತ ಬರೆದೆ; ವಾದ ಮಾಡದೆ ಇನ್ನೊಂದು ಕಳಿಸಿದರು. ಅದರದು 16.2, ಚಿಂತೆಯಿಲ್ಲ. ಆದರೆ ಸಾಮಾನ್ಯ ಗಿರಾಕಿ ಯಾರು 400 ಸಲ ಉರುಳಿಸುತ್ತಾರೆ?

ಚೌಕಾಬಾರ ಆಡಿ ಬೆಳೆದವರಿಗೆ ಈ ದಾಳ ಮೊದಲು ಕೈಗೆ ಹತ್ತುವುದಿಲ್ಲ. ನಾಲ್ಕು ಕವಡೆ ಎಸೆದರೆ ಎರಡು ಬೀಳುವುದೇ ಹೆಚ್ಚು. ಕವಡೆ ನಾಣ್ಯದ ಹಾಗೆ ಅಂತ ಹಿಡಿದರೆ ಹದಿನಾರರಲ್ಲಿ ಆರು ಸಲ, ಎಂಟು ಬೀಳುವುದು ಒಂದೇ ಸಲ. ಇಲ್ಲಿ ಹಾಗಲ್ಲ, 1 ಬಂದಷ್ಟೇ ಸಲೀಸಾಗಿ 20 ಬರುತ್ತದೆ. ಹಾಗಾಗಿ ಒಂದು ಅಂಕ ಕೂಡಿದರೆ ಏಟು ಹತ್ತುವ ಸಾಧ್ಯತೆಗೆ ಯಾವಾಗಲೂ ಶೇ. 5 ಸೇರುತ್ತದೆ. ಆದರೆ ಆ ಐದರ ಬೆಲೆ ಎಲ್ಲ ಕಡೆಗೂ ಒಂದೇ ಅಲ್ಲ, ಹುಡುಗರು ಎಡವಿದ್ದು ಇಲ್ಲೇ. ಓಗರ್ ಅನ್ನುವ ರಾಕ್ಷಸ ತನ್ನ ದಾಳಕ್ಕೆ 6 ಕೂಡಿಸುತ್ತಾನೆ. ಆರ್ಮರ್ ಕ್ಲಾಸ್, ಅಂದರೆ ಏಟು ಹತ್ತಲು ಆ ಮೊತ್ತ ಮುಟ್ಟಬೇಕಾದ ಅಂಕಿ, 16 ಇದ್ದವನಿಗೆ ಅವನ ಏಟು ನೂರಕ್ಕೆ 55 ಸಲ ಹತ್ತುತ್ತದೆ, ಗುರಾಣಿ ಹಿಡಿದು 18 ಮಾಡಿಕೊಂಡರೆ 45. ಮೊದಲೇ 20 ಇದ್ದವನು ಅದೇ ಗುರಾಣಿ ಹಿಡಿದರೆ 35 ಹೋಗಿ 25. ಮೊದಲನೆಯವನಿಗೆ ಐದೂವರೆ ಏಟಿನಲ್ಲಿ ಒಂದು ಉಳಿಯಿತು, ಎರಡನೆಯವನಿಗೆ ಮೂರೂವರೆಯಲ್ಲಿ ಒಂದು. ಉಳ್ಳವನ ಮನೆಗೇ ಬಡ್ಡಿ ಬರುವ ಲೆಕ್ಕ, ನಮ್ಮ ಸಂಘದ ಠೇವಣಿ ಹಾಗೆ.

ತಮ್ಮನ ಹಟ, ಗುರಾಣಿ ಬೇಡ, ಎರಡು ಕೈಯ ಕತ್ತಿ ಬೇಕು ಅಂತ. ಒಂದು ಕೈಯ ಕತ್ತಿಯ ಪೆಟ್ಟಿಗೆ ಎಂಟು ಮುಖದ ಒಂದು ದಾಳ, ಸರಾಸರಿ 4.5 ಅಂಕ, ಎರಡು ಕೈಯ ದೊಡ್ಡದಕ್ಕೆ ಆರು ಮುಖದ ಎರಡು ದಾಳ, ಸರಾಸರಿ 7. ಓಗರ್‌ಗೆ ನಾಲ್ಕರಲ್ಲಿ ಮೂರು ಏಟು ಹತ್ತುತ್ತವೆ, ಹಾಗಾಗಿ ದೊಡ್ಡ ಕತ್ತಿಯಿಂದ ಒಂದು ಸುತ್ತಿನಲ್ಲಿ ಸುಮಾರು 2 ಅಂಕ ಲಾಭ. ಗುರಾಣಿ ಓಗರ್‌ನ ಒಂದೊಂದು ಬೀಸಿಗೆ 1.3 ಅಂಕ ಉಳಿಸುತ್ತದೆ. ಒಬ್ಬನೇ ಮೈಮೇಲೆ ಬಂದರೆ ಕತ್ತಿ, ಇಬ್ಬರೂ ಬಂದರೆ ಗುರಾಣಿ. ಕೊಡುವ ಪೆಟ್ಟು, ತಿನ್ನುವ ಪೆಟ್ಟು ಒಂದೇ ಖಾತೆಯಲ್ಲ ಅನ್ನುವುದು ನನಗೂ ಗೊತ್ತು. ಅಂದಾಜಿಗೆ ಇಷ್ಟು ಸಾಕು.

ಈಗ ಆ ಎರಡು ಓಗರ್‌ಗಳ ಕಥೆ. ಒಬ್ಬೊಬ್ಬನಿಗೆ 59 ಹಿಟ್ ಪಾಯಿಂಟ್ (ಜೀವದ ಅಂಕ, ಪೆಟ್ಟು ಬಿದ್ದಷ್ಟು ಕಳೆಯುತ್ತದೆ), ಆರ್ಮರ್ ಕ್ಲಾಸ್ 11. ನಾಲ್ವರು ಹುಡುಗರೂ ದಾಳಕ್ಕೆ 5 ಕೂಡಿಸಿ ಹೊಡೆಯುವವರು, ಏಟು ಹತ್ತಿದರೆ ಸರಾಸರಿ 7.5. ತಪ್ಪಿದ್ದನ್ನೂ 20 ಬಿದ್ದಾಗಿನ ಹೆಚ್ಚುವರಿಯನ್ನೂ ಹಿಡಿದರೆ ತಲೆಗೆ 5.85, ನಾಲ್ವರಿಗೆ ಒಂದು ಸುತ್ತಿನಲ್ಲಿ 23.4. ಮೊದಲ ಭಾನುವಾರ ಇಬ್ಬಿಬ್ಬರಾಗಿ ಹಂಚಿಕೊಂಡು ಹೊಡೆದರು, ನ್ಯಾಯವಾಗಿ, ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ. ಐದು ಸುತ್ತು ಎರಡೂ ಓಗರ್ ಬದುಕಿದ್ದವು, ಹತ್ತು ಬೀಸು ಬೀಸಿದವು. ಇಬ್ಬರು ಹುಡುಗರು ನೆಲಕ್ಕೆ. ಮುಂದಿನ ವಾರ ಅವೇ ಓಗರ್, ಅವೇ ಹುಡುಗರು. ನಾಲ್ವರೂ ಒಬ್ಬನ ಮೇಲೇ ಬಿದ್ದರು. ಮೂರನೇ ಸುತ್ತಿಗೆ ಒಬ್ಬ ಮಲಗಿದ, ಆರನೆಯದಕ್ಕೆ ಇನ್ನೊಬ್ಬ. ನನ್ನ ಕೈಗೆ ಸಿಕ್ಕಿದ್ದು ಏಳೇ ಬೀಸು.

ಕೊಟ್ಟ ಪೆಟ್ಟು ಎರಡೂ ವಾರ ಅಷ್ಟೇ. ಉಳಿದದ್ದು ಮೂರು ಬೀಸು, ಒಂದಕ್ಕೆ ಸರಾಸರಿ 7.6ರಂತೆ 23 ಅಂಕದ ಹತ್ತಿರ, ಹೆಚ್ಚುಕಡಿಮೆ ಒಬ್ಬ ಹುಡುಗನ ಜೀವ. ಕಾರಣ ನಿಯಮದಲ್ಲೇ ಇದೆ: 59 ಇದ್ದಾಗ ಓಗರ್ ಎಷ್ಟು ಜೋರಾಗಿ ಹೊಡೆಯುತ್ತಾನೋ, 1 ಉಳಿದಾಗಲೂ ಅಷ್ಟೇ ಜೋರು. ಅರ್ಧ ಸತ್ತವನು ಅರ್ಧ ಹೊಡೆಯುವುದಿಲ್ಲ. 1916ರಲ್ಲೇ ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ನಿಜವಾದ ಯುದ್ಧಕ್ಕೆ ಇಂಥದ್ದೇ ಸಮೀಕರಣ ಬರೆದಿದ್ದ. ಗುರಿಯಿಟ್ಟು ಹೊಡೆಯುವ ಕಾಳಗದಲ್ಲಿ ಬಲವು ತಲೆಗಳ ಸಂಖ್ಯೆಯ ವರ್ಗದಂತೆ ಏರುತ್ತದೆ, ಎರಡು ಪಟ್ಟು ಜನ ಇದ್ದರೆ ನಾಲ್ಕು ಪಟ್ಟು ಬಲ. ಇದನ್ನು ಹೇಳಿದಾಗ ತಮ್ಮನ ಗೆಳೆಯ, "ಅಕ್ಕಾರ, ಇದನ್ನ ಮೊದಲನೇ ವಾರ ಹೇಳಬೇಕಿತ್ತರಿ" ಅಂದ. ನಾನು ರಾಕ್ಷಸರ ಕಡೆಯವಳಪ್ಪ, ಯಾಕೆ ಹೇಳಲಿ?

ಚಾಪೆಯ ವಿಷಯಕ್ಕೆ ಬಂದರೆ ನನ್ನ ತಕರಾರು ಜಾಸ್ತಿ. 24 ಇಂಚು ಅಗಲ, 36 ಇಂಚು ಉದ್ದ, ಇಂಚಿಗೊಂದು ಚೌಕ, ಆಟದಲ್ಲಿ ಒಂದು ಚೌಕ ಅಂದರೆ 5 ಅಡಿ. ಎರಡನೇ ಕಾಳಗ ಗೋಳಗುಮ್ಮಟದ ಒಳಗೇ ಆಗಲಿ ಅಂತ ತಮ್ಮ ಹಟ ಹಿಡಿದ. ಒಳಗಿನ ಅಂಗಳ ಒಂದು ಮಗ್ಗುಲಿಗೆ ಸುಮಾರು 135 ಅಡಿ, ಲೆಕ್ಕ ಹಾಕಿದರೆ 27 ಚೌಕ. ಅಗಲಕ್ಕೆ ಮೂರು ಚೌಕ ಹೊರಗೆ! ಚಾಪೆಗೆ ಹಳೇ ಪೇಪರ್ ಜೋಡಿಸಿ ಗೋಡೆ ಎಳೆದೆವು, ನಡುವೆ ಗೋರಿಗಳ ಕಟ್ಟೆ.

ಬಿಲ್ಲಿನವನು ಒಂದು ಮೂಲೆಯಲ್ಲಿ, ಓಗರ್ ಎದುರಿನ ಮೂಲೆಯಲ್ಲಿ. ದೊಡ್ಡ ಬಿಲ್ಲು 150 ಅಡಿಯವರೆಗೆ ಸಲೀಸು. ಅದಕ್ಕೂ ದೂರ ಇದ್ದರೆ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನು ಹಿಡಿಯಬೇಕು. ಐದನೇ ಆವೃತ್ತಿಯಲ್ಲಿ ಓರೆ ಚೌಕವೂ 5 ಅಡಿಯೇ, ಹಾಗಾಗಿ ಮೂಲೆಯಿಂದ ಮೂಲೆಗೆ 27 ಚೌಕ, 135 ಅಡಿ, ಬಾಣ ಬಿಡಬಹುದು. ಏಳನೇ ಇಯತ್ತೆಯ ಪೈಥಾಗೊರಸ್ ಕೇಳಿದರೆ 191 ಅಡಿ. ನೂರಕ್ಕೆ 75 ಸಲ ಹತ್ತುವ ಬಾಣ ಆ ಲೆಕ್ಕದಲ್ಲಿ 56ಕ್ಕೆ ಇಳಿಯುತ್ತದೆ. ನಾನು ಜಗಳ ತೆಗೆದೆ. ನಿಯಮ ಅವರ ಕಡೆ ಇತ್ತು, ಸೋತೆ. ಆರು ಮೂಲೆಯ ಚೌಕಳಿಯ ಚಾಪೆಯಾಗಿದ್ದರೆ ಈ ಓರೆಯ ಮೋಸ ಬಹಳಷ್ಟು ತಗ್ಗುತ್ತಿತ್ತು. ಕೊಳ್ಳುವವರು ಅಂಥದ್ದು ಹುಡುಕಿ, ಅಥವಾ ಉದ್ದ ಅಗಲ ಎರಡೂ 36 ಇಂಚು ಇರುವ ಚಾಪೆ.

ದಾಳದ ಪೊಟ್ಟಣಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಬದಲಿ ಕಳಿಸಿದ್ದಕ್ಕೆ. ಚಾಪೆಗೆ ಎರಡು. ಎಳೆದ ಗೆರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ ಅಂತ ಪೊಟ್ಟಣದ ಮೇಲೆ ಬರೆದಿತ್ತು. ಒಂದು ರಾತ್ರಿ ಬಿಟ್ಟೆವು, ಹೋಗಲಿಲ್ಲ. ಗೋಳಗುಮ್ಮಟದ ಮೂರು ಗೋಡೆ ಇವತ್ತಿಗೂ ಚಾಪೆಯ ಮೇಲಿವೆ. ನಾಲ್ಕನೆಯದು ಪೇಪರಿನ ಜೊತೆ ರದ್ದಿಗೆ ಹೋಯಿತು.