ಒಂದೇ ಸ್ಲೈಡಿನಲ್ಲಿ ಎರಡು ಭಾಷೆ: ಮೂರು ತಂತ್ರಾಂಶ ಬಳಸಿ ನೋಡಿದೆ

ಒಂಬತ್ತನೇ ತರಗತಿಯ ಜೀವಶಾಸ್ತ್ರಕ್ಕೆ ನಾನು ಮಾಡುವ ಸ್ಲೈಡುಗಳಲ್ಲಿ ವಿವರಣೆ ಕನ್ನಡದ್ದು, ಪಾರಿಭಾಷಿಕ ಪದ ಮಾತ್ರ ಎರಡೂ ಭಾಷೆಯಲ್ಲಿ. ‘ದ್ಯುತಿಸಂಶ್ಲೇಷಣೆ’ ಎಂದು ಬರೆದರೆ ಪಕ್ಕದಲ್ಲೇ ಫೋಟೋಸಿಂಥೆಸಿಸ್ ಅಂತ ಇಂಗ್ಲಿಷ್ ಅಕ್ಷರಗಳಲ್ಲೂ ಇರಬೇಕು. ನಾಳೆ ಪಿಯುಸಿಗೆ ಹೋದಾಗ ಮಕ್ಕಳು ಕಕ್ಕಾಬಿಕ್ಕಿ ಆಗಬಾರದಲ್ಲ. ಒಂದು ದಿನ ಪರದೆಯ ಮೇಲೆ ಅದೇ ಇಂಗ್ಲಿಷ್ ಪದದ ಸ್ಪೆಲಿಂಗ್ ತಪ್ಪಿದ್ದನ್ನು ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ತೋರಿಸಿದಳು. ತಪ್ಪಿದ ಪದದ ಕೆಳಗೆ ಬರುವ ಕೆಂಪು ಗೆರೆ ಯಾಕೆ ಬರಲಿಲ್ಲ ಅಂತ ಮನೆಗೆ ಬಂದು ಕೆದಕಿದರೆ ತಪ್ಪು ನನ್ನದೇ. ಇಡೀ ಬಾಕ್ಸ್ ಆರಿಸಿ ಅದರ ಭಾಷೆ ‘ಕನ್ನಡ’ ಎಂದು ಒತ್ತಿಬಿಟ್ಟಿದ್ದೆ. ಆಮೇಲೆ ಇಂಗ್ಲಿಷ್ ಪದವನ್ನು ಯಾರು ತಿದ್ದುತ್ತಾರೆ? ಆ ರಜೆಯಲ್ಲಿ ಅದೇ ಪಾಠವನ್ನು ಮೂರು ತಂತ್ರಾಂಶಗಳಲ್ಲಿ ಮಾಡಿ ನೋಡಿದೆ.

ಪವರ್‌ಪಾಯಿಂಟ್‌ನಲ್ಲಿ ಇಡೀ ಫೈಲಿಗೆ ಒಂದು ಭಾಷೆ ಅಂತ ಇರುವುದೇ ಇಲ್ಲ. ಪಠ್ಯದ ಒಂದೊಂದು ತುಣುಕಿಗೂ ಅದರದೇ ಗುರುತು. ರಿವ್ಯೂ ಟ್ಯಾಬಿನ ಲ್ಯಾಂಗ್ವೇಜ್‌ಗೆ ಹೋಗಿ ಪ್ರೂಫಿಂಗ್ ಭಾಷೆ, ಅಂದರೆ ಯಾವ ಭಾಷೆಯ ಸ್ಪೆಲಿಂಗ್ ಪರೀಕ್ಷಿಸಬೇಕು ಎನ್ನುವುದನ್ನು, ಬದಲಿಸಬಹುದು, ಆದರೆ ಆರಿಸಿದಷ್ಟಕ್ಕೆ ಮಾತ್ರ. ಸ್ಲೈಡುಗಳ ಪಠ್ಯ ಮಾತ್ರ ಪಟ್ಟಿಯಾಗಿ ಕಾಣುವ ಔಟ್‌ಲೈನ್ ನೋಟಕ್ಕೆ ಹೋಗಿ ಎಲ್ಲವನ್ನೂ ಒಟ್ಟಿಗೆ ಆರಿಸಿದೆ. ಶೀರ್ಷಿಕೆ, ಮುಖ್ಯ ಪಠ್ಯ ಬದಲಾದವು. ನಾನೇ ಸೇರಿಸಿದ್ದ ಟೆಕ್ಸ್ಟ್ ಬಾಕ್ಸುಗಳು, ಕೋಷ್ಟಕ, ಚಿತ್ರದ ಭಾಗಗಳ ಹೆಸರು ಇದ್ದ ಹಾಗೇ ಉಳಿದವು, ಏಕೆಂದರೆ ಔಟ್‌ಲೈನ್‌ನಲ್ಲಿ ಅವು ಕಾಣುವುದೇ ಇಲ್ಲ. ಜೀವಶಾಸ್ತ್ರದ ಸ್ಲೈಡಿನಲ್ಲಿ ಮುಕ್ಕಾಲು ಪಾಲು ಅವೇ! ಇನ್ನೊಂದು ಮಾತು: ಭಾಷೆಗಳ ಪಟ್ಟಿಯಲ್ಲಿ ಹೆಸರಿನ ಪಕ್ಕ ಟಿಕ್ ಗುರುತಿನ ಪುಟ್ಟ ಚಿಹ್ನೆ ಇದ್ದರೆ ಮಾತ್ರ ಆ ಭಾಷೆಯ ಪದಪರೀಕ್ಷೆ ನಿಮ್ಮ ಕಂಪ್ಯೂಟರಿನಲ್ಲಿದೆ ಎಂದರ್ಥ. ಇಲ್ಲದಿದ್ದರೆ ಕನ್ನಡ ಎಂದು ಆರಿಸಿದರೂ ಅದು ಬರೀ ಹಣೆಪಟ್ಟಿ.

ಲಿಬ್ರೆಆಫೀಸ್ ಇಂಪ್ರೆಸ್ ಇಲ್ಲೇ ಬೇರೆಯಾಗುವುದು. ಅದು ಲಿಪಿ ನೋಡಿ ದಾರಿ ಬೇರೆ ಮಾಡುತ್ತದೆ: ಇಂಗ್ಲಿಷ್ ಅಕ್ಷರ ‘ವೆಸ್ಟರ್ನ್’ ಸಾಲಿಗೆ, ಕನ್ನಡ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಸಾಲಿಗೆ. ಆಪ್ಷನ್ಸ್‌ನಲ್ಲಿ ಒಂದಕ್ಕೆ ಭಾರತದ ಇಂಗ್ಲಿಷ್, ಇನ್ನೊಂದಕ್ಕೆ ಕನ್ನಡ ಇಟ್ಟೆ. ಒಂದೇ ವಾಕ್ಯದಲ್ಲಿ ಎರಡೂ ಬೆರೆತರೂ ತಾನಾಗಿಯೇ ಬೇರ್ಪಟ್ಟವು. ನಾನು ಮಾಡಿದ್ದ ತಪ್ಪಿಗೆ ಇಲ್ಲಿ ಎಡೆಯೇ ಇಲ್ಲ. ಕಿರಿಕಿರಿಯೂ ಅಲ್ಲಿಂದಲೇ ಹುಟ್ಟುತ್ತದೆ. ಸ್ಟೈಲಿನಲ್ಲಿ ಫಾಂಟೂ ಅಳತೆಯೂ ಎರಡೆರಡು. ನಾನು 28 ಎಂದು ಹಾಕಿದ್ದು ಇಂಗ್ಲಿಷಿಗೆ ಮಾತ್ರ ತಗುಲಿ, ಕನ್ನಡ ಪಕ್ಕದಲ್ಲಿ ಕುಗ್ಗಿಕೊಂಡು ಕೂತಿತ್ತು. ಕನ್ನಡದ ಅಳತೆಗೆಂದೇ ಇರುವ ಕೆಳಗಿನ ಖಾನೆ ಕಣ್ಣಿಗೆ ಬೀಳುವವರೆಗೆ ಅರ್ಧ ಗಂಟೆ ಹೋಯಿತು.

ಗೂಗಲ್ ಸ್ಲೈಡ್ಸ್ ಬಗ್ಗೆ ಹೇಳುವುದು ಕಡಿಮೆ. ಫೈಲ್ ಮೆನುವಿನಲ್ಲಿರುವ ಭಾಷೆ ಇಡೀ ಫೈಲಿಗೆ ಒಂದೇ. ನನ್ನಂಥ ಬೆರಕೆ ಸ್ಲೈಡಿಗೆ ಅದು ಸಾಲದು. ಆದರೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ಗೆ ಕನ್ನಡದಲ್ಲಿ ಹೇಳಿ ಬರೆಸುವುದಕ್ಕೆ ಇದರಷ್ಟು ಸಲೀಸು ಬೇರೆ ಇಲ್ಲ. ಕರಡು ಈಗಲೂ ಅಲ್ಲೇ.

ಅಂದ ಹಾಗೆ, ಹಳೆಯ ನುಡಿ ಫಾಂಟಿನ ಫೈಲುಗಳಿಗೆ ಈ ಸೆಟ್ಟಿಂಗು ಯಾವುದೂ ನಾಟುವುದಿಲ್ಲ. ಅಲ್ಲಿ ಕನ್ನಡ ಕಣ್ಣಿಗೆ ಮಾತ್ರ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಇಂಪ್ರೆಸ್ ಕೂಡ ಅದನ್ನು ವೆಸ್ಟರ್ನ್ ಸಾಲಿಗೇ ತಳ್ಳುತ್ತದೆ. ಮೊದಲು ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಉಳಿದದ್ದು ಆಮೇಲೆ.

ನನ್ನ ಮತ ಇಂಪ್ರೆಸ್‌ಗೆ. ಆದರೆ ಶಾಲೆಯ ಕಂಪ್ಯೂಟರಿನಲ್ಲಿರುವುದು ಪವರ್‌ಪಾಯಿಂಟ್, ಹಾಗಾಗಿ ಬಳಸುವುದು ಅದನ್ನೇ. ಇಂಪ್ರೆಸ್‌ನ ಉಪಾಯವನ್ನು ಒಂದು ಸಣ್ಣ ಮ್ಯಾಕ್ರೋ (ಕೆಲಸವನ್ನು ತಾನಾಗಿಯೇ ಮಾಡುವ ಪುಟ್ಟ ಪ್ರೋಗ್ರಾಂ) ಬರೆದು ಇಲ್ಲಿಗೆ ತಂದುಕೊಂಡೆ. ಅಕ್ಷರದ ಯೂನಿಕೋಡ್ ಸಂಖ್ಯೆ 3200ರಿಂದ 3327ರೊಳಗಿದ್ದರೆ ಅದು ಕನ್ನಡ, ಅದಕ್ಕೆ ಪವರ್‌ಪಾಯಿಂಟ್ ಕನ್ನಡವನ್ನು ಗುರುತಿಸುವ ಭಾಷಾ ಸಂಖ್ಯೆ 1099. ಉಳಿದದ್ದಕ್ಕೆ ಭಾರತದ ಇಂಗ್ಲಿಷಿನ 16393. ಟೆಕ್ಸ್ಟ್ ಬಾಕ್ಸುಗಳನ್ನೂ ಅದು ಬಿಡುವುದಿಲ್ಲ. ಕೋಷ್ಟಕದ ಒಳಕ್ಕೆ ಮಾತ್ರ ಇನ್ನೂ ಇಳಿಯುತ್ತಿಲ್ಲ. ಅಲ್ಲಿ ಒಂದೊಂದೇ ಖಾನೆ ಹಿಡಿದು ಕೈಯಾರೆ ಬದಲಿಸುತ್ತಿದ್ದೇನೆ.