ಅಲ್ಸರ್ ಇದೆ ಅಂದರೂ ‘ಉರಿಯೂತ ಇಳಿಸೋ ಮಾತ್ರೆ’ ಕೊಡ್ತಾರೆ, ತಗೋಬೇಡಿ

ಹೊಟ್ಟೆ ಹುಣ್ಣು ಇರುವವರು, ಮನೆಯಲ್ಲಿ ಮಂಡಿ ನೋವಿನ ಹಿರಿಯರು ಇರುವವರು ದಯವಿಟ್ಟು ಓದಿ. ಮೆಡಿಕಲ್ ಶಾಪ್‌ನವನು ಚೀಟಿ ಇಲ್ಲದೆ ಕತ್ತರಿಸಿ ಕೊಟ್ಟ ಮಾತ್ರೆಯಿಂದ ನಮ್ಮಮ್ಮ ಆಸ್ಪತ್ರೆ ಸೇರಿ, ರಕ್ತ ಹಾಕಿಸಿಕೊಂಡು ಮನೆಗೆ ಬಂದಿದ್ದಾರೆ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಮಂಡಿ ಊದಿದೆ, ಹೊಟ್ಟೆನೂ ಉರಿಯುತ್ತೆ, ಅಲ್ಸರ್ ಇದೆ, ನೋಡಿ ಕೊಡಿ ಅಂತ ಬಾಯಿಬಿಟ್ಟು ಹೇಳಿದ್ದೆ. ಅವನ ಉತ್ತರ ಕೇಳಿ: “ಅಲ್ಸರ್ ಅಂದ್ರೆ ಏನು ಸಾರ್, ಒಳಗಡೆ ಉರಿಯೂತ. ಇದು ಉರಿಯೂತ ಇಳಿಸೋ ಮಾತ್ರೆ. ಮಂಡಿಗೂ ಆಯ್ತು, ಹೊಟ್ಟೆಗೂ ಆಯ್ತು. ಹುಣ್ಣು ತಾನಾಗೇ ಮಾಯುತ್ತೆ.” ಅಷ್ಟು ಧೈರ್ಯವಾಗಿ ಹೇಳಿದರೆ ಯಾರು ನಂಬಲ್ಲ?

ಮೊದಮೊದಲು ಅಮ್ಮ ಆರಾಮಾಗೇ ಇದ್ದರು. ಮಂಡಿ ನೋವು ಹೋಯಿತು, ಹೊಟ್ಟೆ ನೋವೂ ಅಷ್ಟಾಗಿ ಇರಲಿಲ್ಲ. ಆಮೇಲೆ ಸುಸ್ತು, ತಲೆ ಸುತ್ತು. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟು. ಅಂಗಡಿಯವನನ್ನು ಕೇಳಿದರೆ, “ಕಬ್ಬಿಣದ ಮಾತ್ರೆ ತಗೊಂಡ್ರೆ ಹಂಗೇ ಸಾರ್.” ಅಮ್ಮ ಕಬ್ಬಿಣದ ಮಾತ್ರೆ ತಗೊಂಡೇ ಇರಲಿಲ್ಲ!

ಎಂಡೋಸ್ಕೋಪಿಯಲ್ಲಿ ಹುಣ್ಣಿನಿಂದ ರಕ್ತ ಜಿನುಗುತ್ತಿತ್ತು. ಉಳಿದ ಮಾತ್ರೆ ತೋರಿಸಿದೆ. ಹಿಂಬದಿಯಲ್ಲಿ ಅರ್ಧ ಕೆಂಪು ಗೆರೆ (ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅನ್ನೋ ಗುರುತು), ಹೆಸರಿನ ಬಾಲದಲ್ಲಿ ‘ಫೆನಾಕ್’ ಅಂತಷ್ಟೇ. ಉಳಿದದ್ದು ಕತ್ತರಿಯಲ್ಲಿ ಹೋಗಿತ್ತು. “ಯಾರ್ರೀ ಅಲ್ಸರ್‌ಗೆ ಇದನ್ನ ಕೊಟ್ಟಿದ್ದು?” ಅಂತ ಡಾಕ್ಟರ್ ವಾರ್ಡಿನಲ್ಲಿ ಎಲ್ಲರ ಮುಂದೆ ಕೇಳಿದರು. ಏನು ಹೇಳಲಿ? ಅವಮಾನದಿಂದ ಬಾಯೇ ಬರಲಿಲ್ಲ.

ಅವರು ಬಿಡಿಸಿ ಹೇಳಿದ್ದನ್ನು ಹೇಳುತ್ತೇನೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವೆಲ್ಲ ಪ್ರೋಸ್ಟಗ್ಲಾಂಡಿನ್ ಅನ್ನೋ ವಸ್ತು ತಯಾರಾಗದಂತೆ ತಡೆಯುತ್ತವೆ. ಊತ, ನೋವು ಇಳಿಯುವುದು ಅದಕ್ಕೇ. ಇದನ್ನು ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ 1971ರಲ್ಲೇ ತೋರಿಸಿಕೊಟ್ಟಿದ್ದರು. ಆದರೆ ಹೊಟ್ಟೆಯ ಒಳಗೋಡೆಯ ಲೋಳೆ ಪದರವನ್ನು, ಅಲ್ಲಿನ ರಕ್ತ ಸಂಚಾರವನ್ನು ಕಾಪಾಡುವುದೂ ಅದೇ ವಸ್ತು. ಅದು ನಿಂತರೆ ಆಸಿಡ್ ನೇರ ಹುಣ್ಣಿಗೇ ಬೀಳುತ್ತೆ. ಅಂದರೆ ಹುಣ್ಣು ಮಾಯಿಸುವುದಲ್ಲ, ಹುಣ್ಣು ಮಾಡುವುದೇ ಈ ಮಾತ್ರೆ! ಮೇಲಾಗಿ ನೋವನ್ನೂ ಮುಚ್ಚಿಡುತ್ತೆ, ಹಾಗಾಗಿ ರಕ್ತ ಹೋಗುವವರೆಗೂ ಗೊತ್ತಾಗಲ್ಲ. ಊಟ ಆದ ಮೇಲೆ ನುಂಗಿದರೂ ಅಷ್ಟೇ, ಇಂಜೆಕ್ಷನ್ ತಗೊಂಡರೂ ಅಷ್ಟೇ, ಯಾಕಂದರೆ ರಕ್ತದ ಮೂಲಕವೂ ಅದೇ ಕೆಲಸ ಮಾಡುತ್ತೆ.

ನಮ್ಮಮ್ಮನ ಹುಣ್ಣು ಮಾಯುತ್ತಿರುವುದು ಆ ಮಾತ್ರೆ ನಿಲ್ಲಿಸಿದ್ದರಿಂದ, ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಿಂದ. ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾ ಇದೆಯಾ ಅಂತಲೂ ನೋಡಿದರು. ಎಷ್ಟೋ ಜನರ ಅಲ್ಸರ್‌ಗೆ ಅದೇ ಕಾರಣವಂತೆ. ಅದು ಇದ್ದರೆ ಆಂಟಿಬಯಾಟಿಕ್ ಬೇಕು. ಅದನ್ನು ಕಂಡುಹಿಡಿದ ಮಾರ್ಷಲ್ ಮತ್ತು ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ಆ ಅಂಗಡಿಯವನಿಗೆ ಇದೆಲ್ಲ ಗೊತ್ತಿರಬೇಕಿತ್ತು, ಮಾತ್ರೆ ಮಾರುವುದೇ ಅವನ ಕಸುಬು ಅಲ್ವಾ?

ಅಂಗಡಿಗೆ ಹೋಗಿ ಕೇಳಿದೆ. “ಊಟ ಆದ್ಮೇಲೆ ತಗೊಳ್ಳಿ ಅಂದಿದ್ದೆ.” ಊಟ ಆದ ಮೇಲೇ ತಗೊಂಡಿದ್ದರು. “ಖಾರ ತಿಂದಿರ್ತಾರೆ ಬಿಡಿ.” “ದಿನಾ ಎಷ್ಟು ಜನ ತಗೊಂಡ್ ಹೋಗ್ತಾರೆ, ನಿಮಗೊಬ್ಬರಿಗೇ ಆಯ್ತಾ?” ಕೊನೆಗೆ ಮುಖ ಕೂಡ ಎತ್ತದೆ, “ಬಿಲ್ ಇದೆಯಾ ಸಾರ್?” ಅಂದ. ಬಿಲ್ ಅವನು ಕೊಟ್ಟೇ ಇರಲಿಲ್ಲ! ಚೀಟಿ ಇಲ್ಲದೆ ಮಾರಬಾರದ ಮಾತ್ರೆಗೆ ಬಿಲ್ ಎಲ್ಲಿಂದ ಕೊಡ್ತಾನೆ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಕೇಳಿದ.

ಬಿಲ್ ಇಲ್ಲದೆ ಒಂದು ಮಾತ್ರೆಯೂ ತಗೋಬೇಡಿ. ಹೆಸರು ಕತ್ತರಿಸಿದ ತುಂಡು ಕೊಟ್ಟರೆ ಅಲ್ಲೇ ವಾಪಸ್ ಇಡಿ. ಅಲ್ಸರ್ ಇದೆ ಅಂತ ಅಂಗಡಿಯಲ್ಲಿ ಹೇಳಿ ಪ್ರಯೋಜನವಿಲ್ಲ, ಡಾಕ್ಟರ್‌ಗೆ ಹೇಳಿ. ಮಲ ಕಪ್ಪಗೆ ಹೋದರೆ ಇಂಥವರನ್ನು ಕೇಳುತ್ತಾ ನಿಲ್ಲಬೇಡಿ, ರಾತ್ರಿಯಾದರೂ ಸರಿ, ಸೀದಾ ಆಸ್ಪತ್ರೆಗೆ ಹೋಗಿ.