ಸ್ನಾಯು ಕಲಿಯಲು ಕಾರ್ಡೋ, ಆ್ಯಪೋ, ಕೈಯೋ?

ಫಿಸಿಯೋಥೆರಪಿ ಓದುವಾಗ ಸ್ನಾಯುಗಳನ್ನು ಫ್ಲ್ಯಾಶ್‌ಕಾರ್ಡ್‌ನಲ್ಲಿ (ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಬರೆದ ಚೀಟಿ) ಕಲಿಯಬೇಕೋ, ತ್ರೀಡಿ ಆ್ಯಪ್‌ನಲ್ಲೋ, ಮೈ ಮುಟ್ಟಿ ನೋಡಿಯೋ ಎಂದು ಕೇಳಿದ್ದೀರಿ.

ಖರ್ಚಿನ ಮಾತು ಸುಲಭ. ಕಾರ್ಡಿಗೆ ಕಾಗದ ಸಾಕು, ಮುಟ್ಟಿ ಕಲಿಯಲು ಅದೂ ಬೇಡ. ಒಳ್ಳೆಯ ಆ್ಯಪ್‌ಗೆ ಸಾಮಾನ್ಯವಾಗಿ ದುಡ್ಡು ಕೊಡಬೇಕು.

ಸ್ನಾಯು ಎಲ್ಲಿ ಶುರು, ಎಲ್ಲಿ ಸೇರುತ್ತದೆ, ಯಾವ ನರ, ಏನು ಕೆಲಸ: ಈ ನಾಲ್ಕೂ ಬಾಯಿಗೆ ಬರಬೇಕಾದರೆ ಕಾರ್ಡೇ ಸರಿ. ಪರೀಕ್ಷೆ ಹತ್ತಿರವಿದ್ದರೆ ಅದನ್ನೇ ಹಿಡಿಯಿರಿ. ಆದರೆ ಕಾರ್ಡಿನಲ್ಲಿ ಆಳ ಕಾಣುವುದಿಲ್ಲ. ಉದಾಹರಣೆಗೆ, ಸಬ್‌ಸ್ಕ್ಯಾಪ್ಯುಲಾರಿಸ್ ಎಂಬ ಸ್ನಾಯು ಹೆಗಲ ಮೂಳೆಯ ಮುಂಬದಿಯಲ್ಲಿ, ಪಕ್ಕೆಲುಬಿನ ಕಡೆ ಅಡಗಿದೆ. ಆ್ಯಪ್‌ನಲ್ಲಿ ಒಂದೊಂದೇ ಪದರ ತೆಗೆದು, ತಿರುಗಿಸಿ ನೋಡಿದರೆ ಅದು ಥಟ್ಟನೆ ಅರ್ಥವಾಗುತ್ತದೆ.

ರೋಗಿಯ ಮುಂದೆ ನಿಂತಾಗ ಮಾತ್ರ ಕೈಗೇ ಗೊತ್ತಿರಬೇಕು. ನನಗೆ ತುಂಬಾ ಇಷ್ಟವಾದ ದಾರಿಯೂ ಇದೇ. ಈಗಲೇ ಮೊಣಕೈ ಮಡಚಿ, ಕೆಳಮುಖವಾಗಿರುವ ಅಂಗೈಯನ್ನು ಜೋರಾಗಿ ಮೇಲಕ್ಕೆ ತಿರುಗಿಸಿ. ಇನ್ನೊಂದು ಕೈಯಿಂದ ಆ ತೋಳಿನ ಮುಂಭಾಗ ಮುಟ್ಟಿ. ಅಲ್ಲಿರುವ ಬೈಸೆಪ್ಸ್ ಸ್ನಾಯು ಗಟ್ಟಿಯಾಯಿತು ಅಲ್ವಾ? ಮಡಚುವುದಷ್ಟೇ ಅಲ್ಲ, ಅಂಗೈ ತಿರುಗಿಸುವುದೂ ಅದರ ಕೆಲಸ. ಕ್ಲಿನಿಕ್ ಪೋಸ್ಟಿಂಗ್ ಶುರುವಾಗುವವರು ಇದಕ್ಕೇ ಜಾಸ್ತಿ ಹೊತ್ತು ಕೊಡಿ. ಬೆನ್ನಿನ ಸ್ನಾಯುಗಳಿಗೆ ಒಬ್ಬ ಜೊತೆಗಾರ ಬೇಕು. ಮುಟ್ಟುವ ಮೊದಲು ಅವರನ್ನು ಒಂದು ಮಾತು ಕೇಳಿ.